ಸುಣ್ಣದ ಕೆಳಗಿನ ಊರು

ಎಂಟನೆಯ ತರಗತಿಗೆ ಕದಂಬರ ಪಾಠ ಮಾಡುತ್ತಿದ್ದೆ. ಕಡೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಅಕ್ಕೋರೇ, ನಮ್ಮೂರು ಯಾವ ಪಾಠದಲ್ಲಿ ಬರ್ತದೆ?" ಎಂದು ಕೇಳಿದಳು. ತರಗತಿಗೆ ತರಗತಿಯೇ ನಕ್ಕಿತು. ನಾನೂ ನಕ್ಕೆ. "ನಿಮ್ಮೂರಲ್ಲಿ ಯಾವ ರಾಜ ಇದ್ದಿದ್ದ ಮಾರಾಯ್ತಿ? ಕೂತ್ಕೋ" ಎಂದು ಮಯೂರವರ್ಮನ ಕಡೆಗೆ ತಿರುಗಿಕೊಂಡೆ. ಅದಾಗಿ ಎಷ್ಟೋ ವರ್ಷವಾಯಿತು. ಆ ಹುಡುಗಿ ಹತ್ತನೆಯ ತರಗತಿ ಪಾಸಾಗಿ ಹೋದಳು. ಪ್ರಶ್ನೆ ಮಾತ್ರ ನನ್ನ ಬಳಿಯೇ ಉಳಿಯಿತು. ಅದಕ್ಕೆ ಅರ್ಧ ಉತ್ತರ ಸಿಕ್ಕಿದ್ದು ಕದಂಬರ ನಾಡಿನಲ್ಲಲ್ಲ, ಸ್ಲೊವೇನಿಯಾ ಎಂಬ ಪುಟ್ಟ ದೇಶದ ಒಂದು ಹಳ್ಳಿಯಲ್ಲಿ. ಆ ಹಳ್ಳಿಯ ಕತೆಯನ್ನು ಹೇಳುವುದಕ್ಕೇ ಈ ಬರಹ.

ನಾನು ಅಲ್ಲಿಗೆ ಹೋದದ್ದು ಪ್ರವಾಸಕ್ಕಲ್ಲ. ಮಗಳ ಬಾಣಂತನಕ್ಕೆಂದು 2018ರ ಬೇಸಿಗೆ ರಜೆಯಲ್ಲಿ ಇಟಲಿಯ ತ್ರಿಯೆಸ್ತೆ ನಗರಕ್ಕೆ ಹೋಗಿದ್ದೆ. ಪಾಕಿಸ್ತಾನದ ವಿಜ್ಞಾನಿ ಅಬ್ದುಸ್ ಸಲಾಂ ಅವರು 1964ರಲ್ಲಿ ಅಲ್ಲಿ ಕಟ್ಟಿದ ಭೌತವಿಜ್ಞಾನದ ಕೇಂದ್ರವೊಂದಿದೆ. ನಮ್ಮ ದೇಶದ ಎಷ್ಟೋ ಮಂದಿ ಅಲ್ಲಿಗೆ ಓದಲು, ಸಂಶೋಧನೆ ಮಾಡಲು ಹೋಗುತ್ತಾರೆ. ನನ್ನ ಅಳಿಯನೂ ಹಾಗೆ ಹೋದವನು. ಚೀಲದಲ್ಲಿ ಬಜೆ, ಓಮ, ಒಣಶುಂಠಿ ಕಟ್ಟಿಕೊಂಡು ಹೋದ ನನಗೆ ಯುರೋಪಿನ ಇತಿಹಾಸ ನೋಡುವ ಯೋಚನೆಯೇ ಇರಲಿಲ್ಲ. ಮಗುವಿಗೆ ಎರಡೂವರೆ ತಿಂಗಳಾದಾಗ ಒಂದು ಭಾನುವಾರ ಅಳಿಯನೇ, "ಅತ್ತೆ, ನೀವು ಇತಿಹಾಸದ ಟೀಚರು. ಹತ್ತಿರದಲ್ಲೇ ಒಂದು ಹಳ್ಳಿ ಇದೆ, ಅರ್ಧ ಗಂಟೆಯ ದಾರಿ, ಹೋಗಿಬರೋಣ" ಎಂದ. ಮಗುವನ್ನು ಬೆಚ್ಚಗೆ ಸುತ್ತಿಕೊಂಡು ಹೊರಟೆವು.

ಹತ್ತು ಹದಿನೈದು ನಿಮಿಷವಾಗಿರಬಹುದು. ರಸ್ತೆ ಬದಿಯ ಫಲಕಗಳ ಭಾಷೆ ಬದಲಾಗಿತ್ತು. "ದೇಶ ಬದಲಾಯ್ತು ಅಮ್ಮ" ಎಂದಳು ಮಗಳು. ನಾನು ಹಿಂದಿರುಗಿ ನೋಡಿದೆ. ಗೇಟಿಲ್ಲ, ಪೊಲೀಸರಿಲ್ಲ, ಪಾಸ್‌ಪೋರ್ಟು ಕೇಳುವವರಿಲ್ಲ. 2007ರ ಡಿಸೆಂಬರಿನಲ್ಲಿ ಅಲ್ಲಿನ ತಪಾಸಣೆಯನ್ನು ತೆಗೆದುಹಾಕಿದ್ದರಂತೆ. (2023ರ ಅಕ್ಟೋಬರಿನಲ್ಲಿ ಇಟಲಿ ಅದನ್ನು ಮತ್ತೆ ಶುರುಮಾಡಿತು. ಗಡಿ ಎನ್ನುವುದು ಅಳಿಸಿದರೂ ಪೂರ್ತಿ ಅಳಿಯುವುದಿಲ್ಲ.) ಮುಂದೆ ಕಣಿವೆಯ ಮೇಲೆ ಕಾಂಕ್ರೀಟಿನ ದೊಡ್ಡ ಸೇತುವೆಯೊಂದು ಕಂಡಿತು. ಅದು 2004ರಲ್ಲಿ ಮುಗಿದ ಚ್ರ್ನಿ ಕಾಲ್ ಮೇಲ್ಸೇತುವೆ. ಉದ್ದ ಒಂದು ಕಿಲೋಮೀಟರಿಗೂ ಹೆಚ್ಚು, ಎತ್ತರ ತೊಂಬತ್ತೈದು ಮೀಟರು. ಲಾರಿಗಳು ಆಕಾಶದಲ್ಲಿ ಸಾಲಾಗಿ ಕೊಪೆರ್ ಬಂದರಿನ ಕಡೆ ಹೋಗುತ್ತಿದ್ದವು. ನಾವು ಕಣಿವೆಯೊಳಗಿನ ಸಣ್ಣ ರಸ್ತೆ ಹಿಡಿದೆವು.

ಹಳ್ಳಿಯ ಹೆಸರು ಹ್ರಾಸ್ತೊವ್ಲ್ಯೆ. ನಾಲಿಗೆ ಹೊರಳಲು ನನಗೆ ಅರ್ಧ ದಿನ ಬೇಕಾಯಿತು. ಅವರ ಭಾಷೆಯಲ್ಲಿ ಹ್ರಾಸ್ತ್ ಎಂದರೆ ಓಕ್ ಮರ. ನಮ್ಮಲ್ಲಿ ಮಾವಿನಕುರ್ವೆ, ಹಲಸಿನಹಳ್ಳಿ ಎಂದಿರುವ ಹಾಗೆ ಇದು ಓಕ್ ಮರದ ಊರು. ಸುಮಾರು ನೂರೈವತ್ತು ಜನ ಅಷ್ಟೆ. ಒಂದು ಕಡೆ ಸುಣ್ಣಕಲ್ಲಿನ ಬಿಳಿ ಬಂಡೆಗಳು ಗೋಡೆಯಂತೆ ಎದ್ದು ನಿಂತಿವೆ. ಅದರ ಮೇಲಿನದು ನೀರು ನಿಲ್ಲದ ಕಲ್ಲುನೆಲ. ಕೆಳಗಿನದು ಮಣ್ಣಿನ ನೆಲ, ದ್ರಾಕ್ಷಿ, ಆಲಿವ್, ತರಕಾರಿ ಬೆಳೆಯುವ ಇಸ್ತ್ರಿಯಾ. ಮೇಲೆ ಇಂಗಿದ ನೀರು ಬಂಡೆಯ ಬುಡದಲ್ಲಿ ರಿಜಾನಾ ಎಂಬ ಹೊಳೆಯಾಗಿ ಹೊರಡುತ್ತದೆ. ಸಮುದ್ರತೀರದ ಪಟ್ಟಣಗಳು 1935ರಿಂದ ಈ ಹೊಳೆಯ ಬುಗ್ಗೆಯ ನೀರನ್ನೇ ಕುಡಿಯುತ್ತಿವೆ.

ಹೊಳೆ ಸಣ್ಣದು, ಹೆಸರು ದೊಡ್ಡದು. ಈ ರಿಜಾನಾದ ದಡದಲ್ಲಿ 804ನೆಯ ಇಸವಿಯಲ್ಲಿ ಒಂದು ಸಭೆ ಸೇರಿತ್ತು. ಚಕ್ರವರ್ತಿ ಶಾರ್ಲಮೇನನ ದೂತರ ಮುಂದೆ ಇಸ್ತ್ರಿಯಾದ ಪಟ್ಟಣ-ಕೋಟೆಗಳ 172 ಮಂದಿ ಪ್ರಮುಖರು ನಿಂತು, ತಮ್ಮ ಮೇಲೆ ನೇಮಿಸಿದ್ದ ಡ್ಯೂಕ್ ಯೋಹಾನನ ವಿರುದ್ಧ ದೂರು ಹೇಳಿದರು. ತೆರಿಗೆ ಹೆಚ್ಚಿಸಿದ್ದಾನೆ, ಬಿಟ್ಟಿ ದುಡಿಸುತ್ತಾನೆ, ನಮ್ಮ ಕಾಡು ಕಸಿದಿದ್ದಾನೆ, ನಮ್ಮ ನೆಲದಲ್ಲಿ ಸ್ಲಾವರನ್ನು ತಂದು ಕೂರಿಸಿದ್ದಾನೆ ಎಂದು. ಈ ದೂರಿನಲ್ಲೇ ಇಂದಿನ ಸ್ಲೊವೇನರ ಪೂರ್ವಿಕರು ಇಸ್ತ್ರಿಯಾದ ಚರಿತ್ರೆಗೆ ಮೊದಲು ಕಾಲಿಟ್ಟದ್ದು. ಹೆಸರಿಲ್ಲ, ಮುಖವಿಲ್ಲ, ಮಾತಿಲ್ಲ. ಇನ್ನೊಬ್ಬರ ದೂರಿನ ಒಂದು ಸಾಲಾಗಿ ಬಂದರು. ಬಡವರು ದಾಖಲೆಗೆ ಸೇರುವುದು ಎಲ್ಲ ಕಡೆಯೂ ಹೀಗೇ ಇರಬೇಕು: ಸಾಲದ ಪತ್ರದಲ್ಲಿ, ತೆರಿಗೆ ಪಟ್ಟಿಯಲ್ಲಿ, ಇಲ್ಲವೇ ದೂರಿನಲ್ಲಿ.

ಊರ ಪಕ್ಕದ ದಿನ್ನೆಯ ಮೇಲೆ ಬೂದುಬಣ್ಣದ ಕಲ್ಲಿನ ಎತ್ತರದ ಗೋಡೆ ಕಂಡಿತು. ದೂರದಿಂದ ನೋಡಿದರೆ ಪುಟ್ಟ ಕೋಟೆ. ಗೋಡೆಯ ಮೂಲೆಗಳಲ್ಲಿ ಗುಂಡನೆಯ ಬುರುಜುಗಳು. ಗೋಡೆಯ ಮೇಲಿಂದ ಚೌಕನೆಯ ಗಂಟೆಗೋಪುರದ ತುದಿ ಇಣುಕುತ್ತಿತ್ತು. ಒಳಗಿರುವುದು ಪವಿತ್ರ ತ್ರಿತ್ವದ ಚರ್ಚು. 16ನೆಯ ಶತಮಾನದಲ್ಲಿ ತುರ್ಕರ ದಾಳಿಯ ಭಯಕ್ಕೆ ಕಟ್ಟಿದ ಗೋಡೆ ಇದು. ದಾಳಿ ಬಂದರೆ ಊರವರೆಲ್ಲ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳಬೇಕು. ಭಯಕ್ಕೆ ಇನ್ನೊಂದು ಕಾರಣವೂ ಇತ್ತು. ಆಗ ಇಸ್ತ್ರಿಯಾದ ಸಮುದ್ರತೀರ ವೆನಿಸ್ ಗಣರಾಜ್ಯದ್ದು, ಒಳನಾಡು ಹ್ಯಾಪ್ಸ್‌ಬರ್ಗ್ ದೊರೆಗಳದ್ದು. ಎರಡು ರಾಜ್ಯಗಳ ನಡುವಿನ ಊರೆಂದರೆ ಎರಡು ಎತ್ತುಗಳ ಕಾದಾಟದ ನಡುವಿನ ಹುಲ್ಲು.

ಚರ್ಚಿನ ಕೀಲಿಕೈ ಇಟ್ಟುಕೊಂಡಿದ್ದ ಹೆಂಗಸು ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಮಗಳು "ದೋಬರ್ ದಾನ್" ಎಂದು ಅವರ ಭಾಷೆಯಲ್ಲೇ ನಮಸ್ಕಾರ ಹೇಳಿದಾಗ ಆಕೆಯ ಮುಖ ಅರಳಿತು. ಆಮೇಲೆ ಇಬ್ಬರೂ ಇಟಾಲಿಯನ್ನಿಗೆ ಹೊರಳಿದರು. ಮಗುವಿನ ಕೆನ್ನೆ ಮುಟ್ಟಿ ನೋಡಿ, ಚೀಟಿ ಹರಿದುಕೊಟ್ಟು, ದೊಡ್ಡ ಬಾಗಿಲು ತೆರೆದಳು.

ಒಳಗೆ ಮೊದಲು ಏನೂ ಕಾಣಲಿಲ್ಲ. ಸಣ್ಣ ಕಿಟಕಿಗಳು, ತಂಪು, ಹಳೆಯ ಸುಣ್ಣದ ವಾಸನೆ. ಕಣ್ಣು ಹೊಂದಿಕೊಂಡ ಮೇಲೆ ನೋಡುತ್ತೇನೆ, ಗೋಡೆ, ಕಮಾನು, ಚಾವಣಿ ಎಲ್ಲೆಲ್ಲೂ ಚಿತ್ರ. ಒಂದು ಗೇಣು ಜಾಗವೂ ಖಾಲಿ ಬಿಟ್ಟಿಲ್ಲ. ಚರ್ಚು ಬಹಳ ದೊಡ್ಡದೇನಲ್ಲ, ನಮ್ಮ ಶಾಲೆಯ ಎರಡು ಕೊಠಡಿ ಸೇರಿಸಿದಷ್ಟು ಎನ್ನಬಹುದು. ನಡುವೆ ಒಂದು ಅಂಕಣ, ಅಕ್ಕಪಕ್ಕ ಎರಡು. ಕಟ್ಟಡ 12ನೆಯ ಶತಮಾನದ್ದೆಂದು ಹಿಂದಿನವರು ಹೇಳುತ್ತಿದ್ದರು, 15ನೆಯ ಶತಮಾನದ್ದೆಂದು ಈಚಿನ ವಿದ್ವಾಂಸರ ವಾದ. ಚಿತ್ರಗಳ ವಿಷಯದಲ್ಲಿ ಮಾತ್ರ ಜಗಳವಿಲ್ಲ. ಬರೆದವನು ಕಸ್ತಾವ್ ಊರಿನ ಯಾನೆಜ್. ಮುಗಿಸಿದ ಇಸವಿ 1490. ಹೆಸರು, ಇಸವಿ ಎರಡೂ ಗೋಡೆಯ ಮೇಲೇ ಇವೆ. ಕಸ್ತಾವ್ ಈಗ ಕ್ರೊಯೇಷಿಯಾದಲ್ಲಿದೆ. ಅದೇ ಊರಿನ ವಿನ್ಸೆಂಟ್ ಎಂಬ ಇನ್ನೊಬ್ಬ ಚಿತ್ರಕಾರ 1474ರಲ್ಲಿ ಬೆರಾಮ್ ಎಂಬ ಹಳ್ಳಿಯ ಚರ್ಚಿನಲ್ಲಿ ಇಂಥದ್ದೇ ಚಿತ್ರಗಳನ್ನು ಬರೆದಿದ್ದ. ಅಂದರೆ ಆ ಸೀಮೆಯಲ್ಲಿ ಊರೂರು ಸುತ್ತಿ ಗೋಡೆ ತುಂಬಿಸುವ ಕಸುಬಿನವರಿದ್ದರು.

1490 ಎಂದರೆ ಏನೆಂದು ಯೋಚಿಸಿ. ನಮ್ಮಲ್ಲಿ ವಿಜಯನಗರದ ಕಾಲ, ಕೃಷ್ಣದೇವರಾಯ ಪಟ್ಟಕ್ಕೆ ಬರಲು ಇನ್ನೂ ಹತ್ತೊಂಬತ್ತು ವರ್ಷವಿತ್ತು. ವಾಸ್ಕೋ ಡ ಗಾಮ ನಮ್ಮ ಕರಾವಳಿಗೆ ಬರಲು ಎಂಟು ವರ್ಷ. ಸ್ಲೊವೇನಿಯನ್ ಭಾಷೆಯಲ್ಲಿ ಅಚ್ಚಾದ ಒಂದೇ ಒಂದು ಪುಸ್ತಕ ಇರಲಿಲ್ಲ. ಪ್ರಿಮೋಜ್ ತ್ರುಬಾರ್ ಎಂಬ ಪಾದ್ರಿ ಆ ಭಾಷೆಯ ಮೊದಲ ಎರಡು ಪುಸ್ತಕಗಳನ್ನು ಅಚ್ಚು ಹಾಕಿಸಿದ್ದು 1550ರಲ್ಲಿ. ಅವುಗಳಲ್ಲಿ ಒಂದು ಮಕ್ಕಳ ಅಕ್ಷರಮಾಲೆ. ಹಾಗಾಗಿ ಹ್ರಾಸ್ತೊವ್ಲ್ಯೆಯ ರೈತನಿಗೂ ಅವನ ಹೆಂಡತಿಗೂ ಈ ಗೋಡೆಯೇ ಪುಸ್ತಕ. ಚಾವಣಿಯಲ್ಲಿ ಲೋಕದ ಸೃಷ್ಟಿ, ಆದಾಮ ಮತ್ತು ಹವ್ವ, ಕಾಯಿನ ಮತ್ತು ಹೇಬೆಲ. ಪಕ್ಕದ ಅಂಕಣಗಳ ಚಾವಣಿಯಲ್ಲಿ ಹನ್ನೆರಡು ತಿಂಗಳು, ತಿಂಗಳಿಗೊಂದು ಕೆಲಸ, ನಮ್ಮ ಪಂಚಾಂಗದ ಹಾಗೆ. ಉತ್ತರದ ಗೋಡೆಯಲ್ಲಿ ಮೂವರು ಅರಸರು ಕಾಣಿಕೆ ಹಿಡಿದು ಶಿಶುವನ್ನು ನೋಡಲು ಹೊರಟಿದ್ದಾರೆ. ದಕ್ಷಿಣದ ಗೋಡೆಯ ಮೇಲ್ಭಾಗದಲ್ಲಿ ಕ್ರಿಸ್ತನ ಯಾತನೆ. ಅದರ ಕೆಳಗೆ, ನಿಂತವರ ಕಣ್ಣಿನ ಮಟ್ಟಕ್ಕೆ, ಜನ ದೂರದೂರದಿಂದ ನೋಡಲು ಬರುವ ಆ ಚಿತ್ರ. ಅದಕ್ಕೆ ಸಾವಿನ ಕುಣಿತ ಎಂದು ಹೆಸರು.

ಹನ್ನೊಂದು ಅಸ್ಥಿಪಂಜರಗಳು ಹನ್ನೊಂದು ಜನರ ಕೈಹಿಡಿದು ಮೆರವಣಿಗೆ ಹೊರಟಿವೆ. ಮೆರವಣಿಗೆಯ ತಲೆಯಲ್ಲಿ ಬಾಯಿತೆರೆದ ಗೋರಿ. ಅದರ ಬಳಿ ಪೀಠದ ಮೇಲೆ ಇನ್ನೊಂದು ಅಸ್ಥಿಪಂಜರ ದೊರೆಯಂತೆ ಕುಳಿತು ಕಾಯುತ್ತಿದೆ. ಗುದ್ದಲಿ, ಸಲಿಕೆ ಸಿದ್ಧವಾಗಿವೆ. ಎಲ್ಲರಿಗಿಂತ ಮುಂದೆ ಪೋಪ್. ಅವನ ಹಿಂದೆ ರಾಜ, ರಾಣಿ, ಕಾರ್ಡಿನಲ್, ಬಿಷಪ್, ಸನ್ಯಾಸಿ. ಬರಬರುತ್ತಾ ಸಿರಿವಂತನೊಬ್ಬ ಹಣದ ಚೀಲಕ್ಕೆ ಕೈಹಾಕಿ ಅಸ್ಥಿಪಂಜರಕ್ಕೆ ಲಂಚ ಕೊಡಲು ನೋಡುತ್ತಿದ್ದಾನೆ. ಅಸ್ಥಿಪಂಜರ ಚೀಲದ ಕಡೆ ನೋಡುತ್ತಲೇ ಇಲ್ಲ. ಕೊನೆಯ ಕಡೆಗೆ ಊರುಗೋಲಿನ ಕುಂಟ ಭಿಕ್ಷುಕ. ಎಲ್ಲಕ್ಕೂ ಕೊನೆಗೆ ತೊಟ್ಟಿಲ ಮಗು.

ಅದನ್ನು ನೋಡಿದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಹೇಳುತ್ತೇನೆ, ನಗಬೇಡಿ. ನನ್ನ ತೋಳಿನಲ್ಲಿ ಮಲಗಿದ್ದ ಮೊಮ್ಮಗಳ ಮುಖದ ಮೇಲೆ ಶಾಲು ಎಳೆದೆ. ಬಿ.ಎ., ಬಿ.ಎಡ್. ಓದಿ, ಇಪ್ಪತ್ತೈದು ವರ್ಷ ಮಕ್ಕಳಿಗೆ ಮೂಢನಂಬಿಕೆ ಬಿಡಬೇಕೆಂದು ಪಾಠ ಹೇಳಿದವಳು ನಾನು. ಆದರೆ ಆ ಎಲುಬಿನ ಕೈ ತೊಟ್ಟಿಲ ಕಡೆ ಬಾಗಿದ್ದನ್ನು ಕಂಡಾಗ ಓದು ಯಾವುದೂ ನೆರವಿಗೆ ಬರಲಿಲ್ಲ. ಕೀಲಿಕೈಯ ಹೆಂಗಸು ಅದನ್ನು ನೋಡಿದಳು. ನಗಲಿಲ್ಲ. ಏನೋ ಹೇಳಿದಳು. ಮಗಳು ಕನ್ನಡಕ್ಕೆ ತಂದಳು: "ಎಲ್ಲ ಅಜ್ಜಿಯರೂ ಹಾಗೇ ಮಾಡ್ತಾರಂತೆ ಅಮ್ಮ."

ಇಂಥ ಚಿತ್ರ ಯುರೋಪಿನಲ್ಲಿ ಇದೊಂದೇ ಅಲ್ಲ. 1348ರ ಸುಮಾರಿಗೆ ಪ್ಲೇಗು ಬಂದು ಊರಿಗೆ ಊರೇ ಬರಿದಾದ ಮೇಲೆ ಸಾವಿನ ಚಿತ್ರಗಳು ಹೆಚ್ಚಿದವು. ಪ್ಯಾರಿಸ್ಸಿನ ಸ್ಮಶಾನವೊಂದರ ಗೋಡೆಯ ಮೇಲೆ 1424-25ರಲ್ಲಿ ಬರೆದ ಸಾವಿನ ಕುಣಿತ ಬಹಳ ಪ್ರಸಿದ್ಧವಾಗಿತ್ತು. ಅದು ಉಳಿಯಲಿಲ್ಲ. ದೊಡ್ಡ ನಗರದ್ದು ಹೋಯಿತು, ನೂರೈವತ್ತು ಜನರ ಹಳ್ಳಿಯದು ಉಳಿಯಿತು. ಹೇಗೆ ಉಳಿಯಿತೆಂಬುದೇ ಈ ಊರಿನ ನಿಜವಾದ ಕತೆ.

ಯಾವುದೋ ಒಂದು ಕಾಲದಲ್ಲಿ ಊರವರು ಈ ಚಿತ್ರಗಳ ಮೇಲೆ ಗಾರೆ ಬಳಿದು ಸುಣ್ಣ ಹೊಡೆದುಬಿಟ್ಟರು. ಹಳೆಯದು ಕಳೆಗುಂದಿತೆಂದೋ, ಹೊಸ ರುಚಿಗೆ ಒಗ್ಗಲಿಲ್ಲವೆಂದೋ, ಹಬ್ಬಕ್ಕೆ ಬೆಳ್ಳಗೆ ಕಾಣಲೆಂದೋ. ನಮ್ಮ ದೇವಸ್ಥಾನಗಳ ಕೆತ್ತನೆಗೆ ಭಕ್ತಿಯಿಂದಲೇ ಬಣ್ಣ ಬಳಿಯುವುದಿಲ್ಲವೇ, ಹಾಗೆ. ಬಳಿದವರು ಸತ್ತರು, ಅವರ ಮಕ್ಕಳು ಸತ್ತರು, ಒಳಗೆ ಏನಿದೆಯೆಂಬ ನೆನಪೂ ಹೋಯಿತು. ತಲೆಮಾರುಗಳ ಕಾಲ ಜನ ಸಾವಿನ ಕುಣಿತದ ಪಕ್ಕದಲ್ಲೇ ಕುಳಿತು ಪ್ರಾರ್ಥನೆ ಮಾಡಿ ಮನೆಗೆ ಹೋದರು, ಅದು ಅಲ್ಲಿದೆಯೆಂದು ತಿಳಿಯದೆ. 1949ರಲ್ಲಿ ಯೋಜೆ ಪೊಹ್ಲೆನ್ ಎಂಬ ತರುಣ ಆ ಸುಣ್ಣದ ಕೆಳಗೆ ಬಣ್ಣವಿರುವುದನ್ನು ಕಂಡುಹಿಡಿದ. ಅವನು ಅದೇ ಊರಿನವನು, 1926ರಲ್ಲಿ ಹುಟ್ಟಿದವನು. ಮುಂದೆ ಹೆಸರಾಂತ ಶಿಲ್ಪಿಯಾಗಿ 2005ರಲ್ಲಿ ತೀರಿಕೊಂಡ. ಪದರ ಪದರವಾಗಿ ಗಾರೆ ಬಿಡಿಸಿದಾಗ ಪೋಪ್ ಬಂದ, ರಾಜ ಬಂದ, ತೊಟ್ಟಿಲು ಬಂತು. ಸುಣ್ಣ ಚಿತ್ರವನ್ನು ಮರೆಸಿತ್ತು ನಿಜ, ಆದರೆ ಕಾಪಾಡಿದ್ದೂ ಅದೇ. ಹೊಗೆ, ತೇವ, ಮುಟ್ಟುವ ಕೈ ಯಾವುದೂ ಅದರವರೆಗೆ ಹೋಗಿರಲಿಲ್ಲ.

ಕೀಲಿಕೈಯ ಹೆಂಗಸು ನಮ್ಮನ್ನು ಗೋಡೆಯ ಹತ್ತಿರ ಕರೆದು ಬೆರಳು ತೋರಿಸಿದಳು. ಚಿತ್ರಗಳ ಮೇಲೆ ಮೊಳೆಯಿಂದ ಗೀಚಿದ ಅಕ್ಷರಗಳು. ಲ್ಯಾಟಿನ್ ಅಲ್ಲ, ಗ್ರೀಕ್ ಅಲ್ಲ, ಕೊಕ್ಕೆ ಕೊಕ್ಕೆಯಾಗಿ ದುಂಡುಮುದ್ದೆಯಾಗಿ ಬೇರೆಯೇ ಒಂದು ಲಿಪಿ. ಅದು ಗ್ಲಾಗೊಲಿತಿಕ್. 9ನೆಯ ಶತಮಾನದಲ್ಲಿ ಸಿರಿಲ್ ಎಂಬ ಸಂತ ಸ್ಲಾವ್ ಮಾತಿಗೆಂದೇ ಮಾಡಿಕೊಟ್ಟದ್ದು. ಬೇರೆ ಕಡೆ ಮರೆಯಾದ ಮೇಲೂ ಇಸ್ತ್ರಿಯಾದ ಹಳ್ಳಿಪಾದ್ರಿಗಳು ಅದನ್ನು ಬಿಟ್ಟಿರಲಿಲ್ಲ. ಆಳುವವರ ಬರಹ ಒಂದು, ಊರವರ ಬರಹ ಇನ್ನೊಂದು. ಗೋಡೆ ಗೀಚುವ ಹುಡುಗರಿಗೆ ನಾನು ಎಷ್ಟು ಸಲ ಬೆತ್ತ ತೋರಿಸಿದ್ದೇನೋ! ಈ ಗೀಚಿದವರ ಮೇಲೆ ಮಾತ್ರ ಸಿಟ್ಟು ಬರಲಿಲ್ಲ.

ಹೊರಗೆ ಬಂದು ಕಲ್ಲುಕಟ್ಟೆಯ ಮೇಲೆ ಕುಳಿತೆವು. ಮಗುವಿಗೆ ಹಾಲು ಕುಡಿಸಬೇಕಿತ್ತು. ಕೀಲಿಕೈಯ ಹೆಂಗಸೂ ಬಂದು ಕುಳಿತಳು. ಮಾತಿನ ನಡುವೆ, "ನನ್ನ ಅಜ್ಜಿ ಈ ಊರು ಬಿಟ್ಟು ಎಲ್ಲೂ ಸಂಸಾರ ಮಾಡಲಿಲ್ಲ. ಆದರೆ ನಾಲ್ಕು ದೇಶಗಳಲ್ಲಿ ಬದುಕಿದಳು" ಎಂದಳಂತೆ. ನನಗೆ ಒಗಟಿನಂತೆ ಕೇಳಿತು. ಮನೆಗೆ ಬಂದು ಅಳಿಯನ ಪುಸ್ತಕ ತೆಗೆದು ಲೆಕ್ಕ ಹಾಕಿದೆ. 1797ರಲ್ಲಿ ವೆನಿಸ್ ಗಣರಾಜ್ಯ ಬಿದ್ದುಹೋಯಿತು. ನಡುವೆ ಕೆಲವು ವರ್ಷ ನೆಪೋಲಿಯನ್ನನ ಆಳ್ವಿಕೆ ಬಿಟ್ಟರೆ 1918ರವರೆಗೆ ಆ ಸೀಮೆ ಆಸ್ಟ್ರಿಯಾದ್ದು. ಮೊದಲ ಮಹಾಯುದ್ಧದ ಬಳಿಕ, 1920ರ ರಪಾಲೊ ಒಪ್ಪಂದದ ಪ್ರಕಾರ, ಇಟಲಿಯದು. ಎರಡನೆಯ ಯುದ್ಧದಲ್ಲಿ 1943ರಿಂದ ಜರ್ಮನರ ಕೈಗೆ. ಆ ಅಕ್ಟೋಬರಿನಲ್ಲಿ ಇಸ್ತ್ರಿಯಾದ ಹಳ್ಳಿಗಳನ್ನು ಅವರು ಸುಟ್ಟರು. ಯುದ್ಧ ಮುಗಿದ ಮೇಲೆ ತ್ರಿಯೆಸ್ತೆ ಯಾರದ್ದು, ಕೊಪೆರ್ ಯಾರದ್ದು ಎಂಬ ಜಗಳ ಒಂಬತ್ತು ವರ್ಷ ನಡೆದು, 1954ರಲ್ಲಿ ತ್ರಿಯೆಸ್ತೆ ಇಟಲಿಗೆ, ಕೊಪೆರ್ ಸೀಮೆ ಯುಗೊಸ್ಲಾವಿಯಾಕ್ಕೆ ಎಂದು ಲಂಡನ್ನಿನಲ್ಲಿ ತೀರ್ಮಾನವಾಯಿತು. 1991ರ ಜೂನ್ 25ರಂದು ಸ್ಲೊವೇನಿಯಾ ಸ್ವತಂತ್ರ ದೇಶವಾಯಿತು. 1910ರಲ್ಲಿ ಹುಟ್ಟಿ ಎಂಬತ್ತೆರಡು ವರ್ಷ ಬದುಕಿದ ಹೆಂಗಸು ಹುಟ್ಟಿದ್ದು ಆಸ್ಟ್ರಿಯಾದಲ್ಲಿ, ಮದುವೆಯಾದದ್ದು ಇಟಲಿಯಲ್ಲಿ, ಮೊಮ್ಮಕ್ಕಳನ್ನು ಆಡಿಸಿದ್ದು ಯುಗೊಸ್ಲಾವಿಯಾದಲ್ಲಿ, ಸತ್ತದ್ದು ಸ್ಲೊವೇನಿಯಾದಲ್ಲಿ. ನಡೆದದ್ದು ಮನೆಯಿಂದ ಹೊಲಕ್ಕೆ, ಹೊಲದಿಂದ ಮನೆಗೆ. ಗಡಿಯೇ ಅವಳ ಮನೆಯ ಮೇಲಿಂದ ಮೂರು ಸಲ ನಡೆದುಹೋಯಿತು.

ಇದರಲ್ಲಿ ನನ್ನನ್ನು ಬಹಳ ಕಾಡಿದ್ದು ಇಟಲಿಯ ಕಾಲದ ಶಾಲೆಗಳ ವಿಷಯ. 1920ರ ಜುಲೈ 13ರಂದು ತ್ರಿಯೆಸ್ತೆಯಲ್ಲಿ ಸ್ಲೊವೇನರ ನರೋದ್ನಿ ದೋಮ್, ಎಂದರೆ ಜನಭವನವನ್ನು ಫ್ಯಾಸಿಸ್ಟರು ಸುಟ್ಟುಹಾಕಿದರು. (ಸರಿಯಾಗಿ ನೂರು ವರ್ಷದ ಮೇಲೆ, 2020ರ ಅದೇ ದಿನ, ಆ ಕಟ್ಟಡವನ್ನು ಸ್ಲೊವೇನ್ ಸಮುದಾಯಕ್ಕೆ ಹಿಂದಿರುಗಿಸುವ ಪತ್ರಕ್ಕೆ ಸಹಿಯಾಯಿತು.) 1923ರಲ್ಲಿ ಬಂದ ಶಿಕ್ಷಣ ಕಾಯಿದೆ ಶಾಲೆಗಳಲ್ಲಿ ಇಟಾಲಿಯನ್ ಮಾತ್ರವೇ ಎಂದಿತು. ಒಂದೇ ದಿನ ಬಾಗಿಲು ಹಾಕಲಿಲ್ಲ. ಈ ವರ್ಷ ಒಂದನೆಯ ತರಗತಿ, ಬರುವ ವರ್ಷ ಎರಡನೆಯದು, ಹೀಗೆ ತರಗತಿಗೊಂದರಂತೆ ಸ್ಲೊವೇನಿಯನ್ ತೆಗೆಯುತ್ತಾ ಬಂದು ಐದಾರು ವರ್ಷದಲ್ಲಿ ಪೂರ್ತಿ ಇಲ್ಲವಾಗಿಸಿದರು. ಸ್ಲೊವೇನ್ ಶಿಕ್ಷಕರಲ್ಲಿ ಕೆಲವರನ್ನು ಕೆಲಸದಿಂದ ತೆಗೆದರು, ಕೆಲವರನ್ನು ದೂರದ ಇಟಲಿಗೆ ವರ್ಗ ಮಾಡಿದರು. ಜನರ ಅಡ್ಡಹೆಸರುಗಳನ್ನೂ ಇಟಾಲಿಯನ್ ಮಾಡಿದರು. ಹ್ರಾಸ್ತೊವ್ಲ್ಯೆ ಕಾಗದಪತ್ರಗಳಲ್ಲಿ ಕ್ರಿಸ್ತೊಲ್ಯೆ ಆಯಿತು. ಓಕ್ ಮರ ಹೆಸರಿನಿಂದ ಉದುರಿಹೋಯಿತು. ಮಕ್ಕಳಿಗೆ ತಾಯ್ನುಡಿಯಲ್ಲಿ ನಾಲ್ಕು ಮಾತು ಕಲಿಸುವ ಜಾಗವಾಗಿ ಉಳಿದದ್ದು ಮನೆ ಮತ್ತು ಚರ್ಚು ಮಾತ್ರ.

ನಾನು ಶಿಕ್ಷಕಿಯಾಗಿ ಯೋಚಿಸಿದೆ. ತರಗತಿಗೆ ಹೋಗಿ ಹಾಜರಿ ಕೂಗಬೇಕು, ಕೂಗುವ ಹೆಸರು ಆ ಮಗುವಿನದಲ್ಲ. ಪಾಠ ಹೇಳಬೇಕು, ಅದರಲ್ಲಿ ಅದರ ಊರಿಲ್ಲ, ಅದರ ಮಾತಿಲ್ಲ. ಇದೂ ಸುಣ್ಣ ಬಳಿಯುವ ಕೆಲಸವೇ ಅಲ್ಲವೇ? ಆ ಮಕ್ಕಳು ಇಪ್ಪತ್ತು ವರ್ಷ ಸುಣ್ಣದ ಕೆಳಗೇ ಬೆಳೆದರು. ಆದರೂ 1945ರ ಬಳಿಕ ಶಾಲೆಗಳು ಮತ್ತೆ ಸ್ಲೊವೇನಿಯನ್ನಿನಲ್ಲಿ ನಡೆದಾಗ ಕಲಿಯಲು ಮಕ್ಕಳಿದ್ದರು, ಮನೆಯಲ್ಲಿ ಮಾತು ಇತ್ತು. ಇಟಾಲಿಯನ್ ಒಳ್ಳೆಯ ಭಾಷೆಯಲ್ಲವೆಂದು ನಾನು ಹೇಳುತ್ತಿಲ್ಲ. ನನ್ನ ಮೊಮ್ಮಗಳು ನಾಳೆ ಓದುವುದು ಅದರಲ್ಲೇ ಇರಬಹುದು. ಒಂದು ಭಾಷೆಯನ್ನು ಕಲಿಸುವುದು ಬೇರೆ, ಇನ್ನೊಂದನ್ನು ಒರೆಸುವುದಕ್ಕೆಂದು ಕಲಿಸುವುದು ಬೇರೆ.

ಹಾಗಾದರೆ ಮನೆಯಲ್ಲಿ ಆ ಮಾತನ್ನು ಉಳಿಸಿದವರು ಯಾರು? ಅದಕ್ಕೆ ಉತ್ತರ ಹ್ರಾಸ್ತೊವ್ಲ್ಯೆಯಲ್ಲೇ ಒಂದು ಪ್ರತಿಮೆಯಾಗಿ ನಿಂತಿದೆ. ಚರ್ಚು ನೋಡಿ ಮರಳುವಾಗ ಕಂಡದ್ದು. ರಾಜನದಲ್ಲ, ಸಂತನದಲ್ಲ, ಸೈನಿಕನದೂ ಅಲ್ಲ. ಊರಿನ ಒಬ್ಬ ಹೆಂಗಸಿನದು. ಅವಳ ಹೆಸರು ಶವ್ರಿಂಕಾ. ಒಬ್ಬಳ ಹೆಸರಲ್ಲ ಅದು, ಆ ಸೀಮೆಯ ಗುಡ್ಡಗಾಡಿನ ಹಳ್ಳಿಗಳ ಹೆಂಗಸರಿಗೆ ಇರುವ ಹೆಸರು. ಪ್ರತಿಮೆ ಮಾಡಿದವನು ಸುಣ್ಣದ ಕೆಳಗಿನ ಚಿತ್ರ ಕಂಡುಹಿಡಿದ ಅದೇ ಯೋಜೆ ಪೊಹ್ಲೆನ್.

ಶವ್ರಿಂಕಾಗಳು ಮೊಟ್ಟೆ ವ್ಯಾಪಾರದವರು. ಕತ್ತೆಯ ಜೊತೆಗೆ, ಇಲ್ಲವೇ ಬರಿಗಾಲಲ್ಲೇ, ಒಳನಾಡಿನ ಇಸ್ತ್ರಿಯಾದ ಹಳ್ಳಿಗಳನ್ನು ದಿನಗಟ್ಟಲೆ ಸುತ್ತಿ ಮನೆಮನೆಯಲ್ಲಿ ಮೊಟ್ಟೆ ಕೊಳ್ಳುತ್ತಿದ್ದರು. ಆ ಮನೆಗಳಲ್ಲಿ ದುಡ್ಡಿಗಿಂತ ಹೆಚ್ಚು ಬೇಕಾಗಿದ್ದದ್ದು ಸಾಮಾನು. ಹಾಗಾಗಿ ಮೊಟ್ಟೆಗೆ ಬದಲಾಗಿ ಸೂಜಿ, ದಾರ, ಗುಂಡಿ, ಬಟ್ಟೆಯ ತುಂಡು ಕೊಡುತ್ತಿದ್ದರು. ಒಂದೂ ಒಡೆಯದಂತೆ ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ತ್ರಿಯೆಸ್ತೆಗೆ ನಡೆಯುತ್ತಿದ್ದರು. ಹ್ರಾಸ್ತೊವ್ಲ್ಯೆಯಿಂದಲೇ ಲೆಕ್ಕ ಹಾಕಿದರೂ ಅದು ಸುಮಾರು 20 ಕಿಲೋಮೀಟರು. ನಗರದ ಮನೆಗಳಲ್ಲಿ ಮೊಟ್ಟೆ ಮಾರಿ, ಬಂದ ದುಡ್ಡಿಗೆ ಮತ್ತೆ ಸೂಜಿ-ದಾರ ಕೊಂಡು ಹಿಂದಿರುಗುತ್ತಿದ್ದರು. ಒಳನಾಡಿನಲ್ಲಿ ಒಂದು ಮಾತು, ನಗರದಲ್ಲಿ ಇನ್ನೊಂದು, ಮನೆಯಲ್ಲಿ ತಮ್ಮದು. ಶಾಲೆಯ ಮುಖ ಹೆಚ್ಚು ಕಾಣದವರು ಮೂರು ಭಾಷೆಯಲ್ಲಿ ಲೆಕ್ಕ ಮಾಡುತ್ತಿದ್ದರು. ಮಳೆ, ಚಳಿ, ಸುಂಕದವರು, ದಾರಿಯ ಗಂಡಸರು, ಎಲ್ಲವನ್ನೂ ದಾಟಿ ತಂದ ದುಡ್ಡಿನಿಂದ ಮನೆ ನಡೆಯುತ್ತಿತ್ತು. ಎರಡನೆಯ ಯುದ್ಧವಾದ ಮೇಲೆ ಹೊಸ ಗಡಿ ನಗರವನ್ನೂ ಹಳ್ಳಿಗಳನ್ನೂ ಬೇರೆ ಮಾಡಿತು; ಕೊಪೆರಿನಲ್ಲಿ ಕಾರ್ಖಾನೆಗಳು, ಬಂದರು ಬಂದವು; ವ್ಯಾಪಾರ ನಿಂತಿತು. 1967ರಲ್ಲಿ ಹ್ರಾಸ್ತೊವ್ಲ್ಯೆಯ ಪಕ್ಕದಲ್ಲೇ ಕೊಪೆರಿಗೆ ರೈಲು ಓಡತೊಡಗಿದಾಗ ಬುಟ್ಟಿ ಹೊರುವವರು ಹಳೆಯ ಕತೆಯಾಗಿದ್ದರು. 1986ರಲ್ಲಿ ಮರ್ಯಾನ್ ತೊಮ್ಶಿಚ್ ಎಂಬ ಲೇಖಕರು ಇವರನ್ನೇ ಕುರಿತು ಕಾದಂಬರಿ ಬರೆದರು. ಅದರ ಹೆಸರೂ ಶವ್ರಿಂಕಾಗಳು ಎಂದೇ.

ಆ ಪ್ರತಿಮೆಯ ಮುಂದೆ ನಾನು ಬಹಳ ಹೊತ್ತು ನಿಂತೆ. ಚರ್ಚಿನೊಳಗಿನ ಮೆರವಣಿಗೆ ನೆನಪಾಯಿತು. ಹನ್ನೊಂದು ಜನರಲ್ಲಿ ಹೆಣ್ಣೆಂದು ಗುರುತಾಗುವವಳು ಒಬ್ಬಳೇ, ರಾಣಿ. ಸಾವಿನ ಮುಂದೆ ಎಲ್ಲರೂ ಸಮ ಎಂದು ಹೇಳಲು ಹೊರಟ ಚಿತ್ರಕಾರನೂ ಬುಟ್ಟಿ ಹೊತ್ತವಳನ್ನು ಸಾಲಿಗೆ ಸೇರಿಸಲಿಲ್ಲ. ಸಾಯಲಿಕ್ಕೂ ಸ್ಥಾನಮಾನ ಬೇಕಾಯಿತೇನೋ! ಆ ಕಾಲದ ಕಣ್ಣು ಅಷ್ಟು. ಐದು ಶತಮಾನದ ಮೇಲೆ ಅದೇ ಊರಿನ ಹುಡುಗ ಬಂದು ಅವಳನ್ನು ಬೇರೆಯೇ ನಿಲ್ಲಿಸಬೇಕಾಯಿತು.

ಮತ್ತೆ ನೆನಪಾದದ್ದು ನನ್ನ ಅವ್ವಿ. ಅವಳೂ ತಲೆಯ ಮೇಲೆ ಬುಟ್ಟಿ ಹೊತ್ತವಳೇ. ಬಸಳೆ, ಹರಿವೆ, ಸೌತೆ, ಬದನೆ ಬೆಳಗಿನ ಜಾವದಲ್ಲೇ ಕೊಯ್ದು, ಕುಮಟೆಯ ಪೇಟೆಗೆ ನಡೆದುಹೋಗಿ ಮಾರಿಬರುತ್ತಿದ್ದಳು. ನಾನು ಬಿ.ಎ. ಓದಿದ್ದು, ಬಿ.ಎಡ್.ಗೆ ಫೀಜು ಕಟ್ಟಿದ್ದು ಆ ಬುಟ್ಟಿಯಿಂದ. ಅವಳು 2009ರಲ್ಲಿ ತೀರಿಕೊಂಡಳು. ಅಷ್ಟು ವರ್ಷ ಇತಿಹಾಸ ಕಲಿಸಿದ ನಾನು ಅವಳನ್ನು ಒಂದು ದಿನವೂ ಕೇಳಿರಲಿಲ್ಲ: ಎಷ್ಟು ದೂರ ನಡೆಯುತ್ತಿದ್ದೆ, ದಾರಿಯಲ್ಲಿ ಎಲ್ಲಿ ಬುಟ್ಟಿ ಇಳಿಸುತ್ತಿದ್ದೆ, ಜೊತೆಗೆ ಯಾರಿದ್ದರು, ಬೆಲೆ ಯಾರು ಕಟ್ಟುತ್ತಿದ್ದರು ಎಂದು. ಕಾಲೇಜಿನ ದಿನಗಳಲ್ಲಿ ಪೇಟೆಯಲ್ಲಿ ಅವಳು ಕಂಡರೆ, ಗೆಳತಿಯರ ಎದುರು ನಾಚಿಕೆಯಾಗಿ, ಇನ್ನೊಂದು ಬೀದಿಗೆ ತಿರುಗಿಕೊಂಡದ್ದೂ ಉಂಟು. ಇದನ್ನು ನಾನು ಈವರೆಗೆ ಯಾರಲ್ಲೂ ಹೇಳಿರಲಿಲ್ಲ. ನಾನೂ ನನ್ನ ಮನೆಯ ಗೋಡೆಗೆ ಸುಣ್ಣ ಬಳಿದವಳೇ.

ರಜೆ ಮುಗಿಸಿ ಊರಿಗೆ ಬಂದ ಮೇಲೆ ಶಾಲೆಯಲ್ಲಿ ಒಂದು ಹೊಸ ಪದ್ಧತಿ ಹಾಕಿಕೊಂಡೆ. ಪ್ರತಿ ಜೂನ್‌ನಲ್ಲಿ, ಪುಸ್ತಕದ ಮೊದಲ ಪಾಠಕ್ಕೆ ಮುಂಚೆ, ಎಂಟನೆಯ ತರಗತಿಯ ಮಕ್ಕಳಿಗೆ ಮನೆಕೆಲಸ ಕೊಡುತ್ತೇನೆ. ಮನೆಯ ಹಿರಿಯ ಹೆಂಗಸನ್ನು ಕೇಳಿ ಬರೆದು ತನ್ನಿ: ಏನು ಹೊತ್ತಿರಿ, ಎಲ್ಲಿಂದ ಎಲ್ಲಿಗೆ, ಬರುವಾಗ ಏನು ತಂದಿರಿ. ಮೂರೇ ಪ್ರಶ್ನೆ. ನೀರು, ಸೌದೆ, ಮೀನು, ಉಪ್ಪು, ಹುಲ್ಲು, ತಂಗಿಯ ಮಗು, ಹೀಗೆ ಬಗೆಬಗೆಯ ಉತ್ತರ ಬರುತ್ತವೆ. ಕೆಲವು ಮಕ್ಕಳು ಮೊದಲ ಸಲ ಅಜ್ಜಿಯ ಹೆಸರನ್ನು ಬರೆಯುವುದು ಆ ನೋಟ್‌ಬುಕ್ಕಿನಲ್ಲೇ. ಅವರ ಊರುಗಳ ಹೆಸರನ್ನೂ ಕರಿಹಲಗೆಯ ಮೇಲೆ ಬರೆಯುತ್ತೇನೆ. ಯಾವ ಪಾಠದಲ್ಲಿ ನಮ್ಮೂರು ಬರುತ್ತದೆಂದು ಕೇಳಿದ ಹುಡುಗಿ ಮಾತ್ರ ಈಗ ಎಲ್ಲಿದ್ದಾಳೋ ತಿಳಿಯದು. ಅವಳಿಗೆ ನನ್ನ ಬಾಕಿ ಹಾಗೇ ಇದೆ.

ನನ್ನ ಮನೆಕೆಲಸವನ್ನೂ ನಾನು ಮಾಡಬೇಕಿತ್ತಲ್ಲ. ಅವ್ವಿಯ ಜೊತೆ ಪೇಟೆಗೆ ಹೋಗುತ್ತಿದ್ದ ಕೇರಿಯ ಅತ್ತೆಯೊಬ್ಬರು ಆಗ ಇನ್ನೂ ಇದ್ದರು. ಅವರ ಬಳಿ ಹೋಗಿ ಕುಳಿತು ಮೂರು ಪ್ರಶ್ನೆಯನ್ನೂ ಕೇಳಿದೆ. ದಾರಿಯನ್ನು ಗುರುತು ಗುರುತಾಗಿ ಹೇಳಿದರು. ಯಾವ ಆಲದ ಮರ, ಯಾವ ಕಟ್ಟೆ, ಯಾವ ಹಳ್ಳದಲ್ಲಿ ಮಳೆಗಾಲದಲ್ಲಿ ಸೊಂಟದವರೆಗೆ ನೀರು ಎಂದು. ಅವರು ಹೇಳಿದ ದಾರಿಯನ್ನು ಆಮೇಲೆ ತಮ್ಮನ ಬೈಕಿನಲ್ಲಿ ಅಳೆದೆ. ಹೋಗಿ ಬರಲು 18 ಕಿಲೋಮೀಟರು.

"ಬರುವಾಗ ಏನು ತರ್ತಿದ್ರಿ ಅತ್ತೆ?" ಎಂದು ಕೊನೆಗೆ ಕೇಳಿದೆ.

"ಏನು ತರೂದು? ಸೀಮೆಎಣ್ಣೆ, ಬೆಲ್ಲ, ಒಂಚೂರು ಒಣಮೀನು" ಎಂದರು. ಆಮೇಲೆ ಸ್ವಲ್ಪ ಹೊತ್ತು ಯೋಚಿಸಿ, "ನಿನ್ನ ಅವ್ವಿ ಮಾತ್ರ ಸಂತೆಗೊಂದು ಪಾಟಿಕಡ್ಡಿ ತಕೊಳ್ತಿತ್ತು. ಮುರೀಬಾರ್ದು ಅಂತ ತುರುಬಲ್ಲಿ ಸಿಕ್ಸ್ಕೊಂಡು ಬರ್ತಿತ್ತು" ಎಂದರು.